ಉದ್ಯಾನಕ್ಕೆ ಬಿಟ್ಟ ಜಾಗ

ಶಿವಮೊಗ್ಗದ ಯಾವುದಾದರೂ ಹೊಸ ಬಡಾವಣೆಯಲ್ಲಿ ಸಂಜೆ ಐದರ ಹೊತ್ತಿಗೆ ಒಂದು ಸುತ್ತು ಹಾಕಿ ಬನ್ನಿ. ಅಗಲವಾದ ರಸ್ತೆ, ಎರಡೂ ಬದಿಗೆ ಚರಂಡಿ, ಸಾಲು ಮನೆಗಳು, ಗೇಟಿನ ಮುಂದೆ ಕಾರು, ಸ್ಕೂಟರು. ರಸ್ತೆಯ ನಡುವೆ ಮೂರು ಇಟ್ಟಿಗೆ ನಿಲ್ಲಿಸಿಕೊಂಡು ಹುಡುಗರು ಕ್ರಿಕೆಟ್ ಆಡುತ್ತಿರುತ್ತಾರೆ. ವಾಹನ ಬಂದಾಗಲೆಲ್ಲ ಆಟ ನಿಲ್ಲುತ್ತದೆ. ಹೋದ ಮೇಲೆ ಮತ್ತೆ ಶುರುವಾಗುತ್ತದೆ. ಮೊಣಕಾಲು ನೋವಿನ ಅಜ್ಜಿಯೊಬ್ಬರು ಗೇಟಿನಿಂದ ಗೇಟಿಗೆ ನಾಲ್ಕು ಹೆಜ್ಜೆ ನಡೆದು, ಹಾರನ್ ಕೇಳಿದೊಡನೆ ಒಳಗೆ ಸರಿಯುತ್ತಾರೆ.

ಅದೇ ರಸ್ತೆಯ ಕೊನೆಯಲ್ಲಿ ಇಪ್ಪತ್ತು ಗುಂಟೆಯಷ್ಟು ಖಾಲಿ ಜಾಗ. ಅದರ ಮುಂದೆ ತುಕ್ಕು ಹಿಡಿದ ಒಂದು ಫಲಕ: ‘ಉದ್ಯಾನಕ್ಕಾಗಿ ಕಾಯ್ದಿರಿಸಿದ ಜಾಗ’. ಫಲಕದ ಹಿಂದೆ ಆಳೆತ್ತರದ ಕಾಂಗ್ರೆಸ್ ಗಿಡ, ಲಂಟಾನ ಪೊದೆ, ಯಾರೋ ಮನೆ ಕೆಡವಿ ತಂದು ಸುರಿದ ಇಟ್ಟಿಗೆ ಚೂರು, ಪ್ಲಾಸ್ಟಿಕ್ ಚೀಲ. ಹುಡುಗರ ಚೆಂಡು ಅದರೊಳಗೆ ಹೋದರೆ ಹಾವಿನ ಭಯಕ್ಕೆ ಯಾರೂ ಇಳಿಯುವುದಿಲ್ಲ.

ಆಟಕ್ಕೆ ಜಾಗವಿಲ್ಲದ ಮಕ್ಕಳು, ಮಕ್ಕಳಿಲ್ಲದ ಜಾಗ. ಇವೆರಡರ ನಡುವಿನ ದೂರ ಕೇವಲ ನೂರು ಹೆಜ್ಜೆ. ಆದರೆ ಆ ನೂರು ಹೆಜ್ಜೆ ದಾಟಲು ಬಡಾವಣೆಯೊಂದಕ್ಕೆ ಕೆಲವೊಮ್ಮೆ ಇಪ್ಪತ್ತು ವರ್ಷ ಹಿಡಿಯುತ್ತದೆ. ಅಷ್ಟರಲ್ಲಿ ಆಡಬೇಕಾಗಿದ್ದ ಮಕ್ಕಳು ಬೆಳೆದು ಬೆಂಗಳೂರು ಸೇರಿರುತ್ತಾರೆ; ಜಾಗ ಉಳಿದಿದ್ದರೆ ಅದೇ ಪುಣ್ಯ.

ಜಾಗ ಎಲ್ಲಿಂದ ಬರುತ್ತದೆ?

ಬಡಾವಣೆಯ ಪಾರ್ಕು ಯಾರೋ ದಯೆಯಿಂದ ಕೊಟ್ಟ ದಾನವಲ್ಲ. ಕರ್ನಾಟಕ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆ, 1987ರ ಪ್ರಕಾರ ಪ್ರಾಧಿಕಾರ ಹೊಸ ಬಡಾವಣೆ ರೂಪಿಸುವಾಗ ಒಟ್ಟು ವಿಸ್ತೀರ್ಣದಲ್ಲಿ ಶೇಕಡಾ 15ಕ್ಕೆ ಕಡಿಮೆಯಿಲ್ಲದಷ್ಟು ಜಾಗವನ್ನು ಉದ್ಯಾನ ಮತ್ತು ಆಟದ ಮೈದಾನಕ್ಕೆ, ಇನ್ನೂ ಶೇಕಡಾ 10ರಷ್ಟನ್ನು ನಾಗರಿಕ ಸೌಲಭ್ಯಗಳಿಗೆ ಬಿಡಬೇಕು. ಶಿವಮೊಗ್ಗ, ಭದ್ರಾವತಿ ಎರಡೂ ಊರುಗಳ ಬೆಳವಣಿಗೆಯನ್ನು ನೋಡಿಕೊಳ್ಳಲು ಹುಟ್ಟಿದ್ದು ಜನರ ಬಾಯಲ್ಲಿ ‘ಸೂಡಾ’ ಆಗಿರುವ ಪ್ರಾಧಿಕಾರ. ಖಾಸಗಿಯವರು ಬಡಾವಣೆ ಮಾಡಿದರೂ ನಕ್ಷೆಗೆ ಒಪ್ಪಿಗೆ ಬೇಕಾದರೆ ರಸ್ತೆ ಮತ್ತು ಉದ್ಯಾನದ ಜಾಗವನ್ನು ಸಾರ್ವಜನಿಕರಿಗೆ ಬಿಟ್ಟುಕೊಡಲೇಬೇಕು.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ನಿವೇಶನ ಕೊಳ್ಳುವವರು ತಮ್ಮ ಮೂವತ್ತು-ನಲವತ್ತರ ಜಾಗಕ್ಕೆ ಮಾತ್ರ ಹಣ ಕೊಡುತ್ತೇವೆ ಎಂದುಕೊಂಡಿರುತ್ತಾರೆ. ನಿಜಕ್ಕೂ ರಸ್ತೆಯ ಬೆಲೆ, ಪಾರ್ಕಿನ ಬೆಲೆ ಎಲ್ಲವೂ ಚದರಡಿಯ ದರದೊಳಗೆ ಸೇರಿಕೊಂಡೇ ಇರುತ್ತದೆ. ಅಂದರೆ ಆ ಕಾಂಗ್ರೆಸ್ ಗಿಡದ ಬಯಲಿಗೆ ಬಡಾವಣೆಯ ಪ್ರತಿ ಮನೆಯವರೂ ಆಗಲೇ ದುಡ್ಡು ಕೊಟ್ಟಿದ್ದಾರೆ. ಕೊಟ್ಟ ದುಡ್ಡಿನ ವಸ್ತುವನ್ನು ಕೇಳಿ ಪಡೆಯುವುದಕ್ಕೆ ಸಂಕೋಚವೇಕೆ?

ಲೆಕ್ಕ ನೋಡಿದರೆ ನಮ್ಮ ಕೊರತೆ ಅರಿವಾಗುತ್ತದೆ. ಕೇಂದ್ರ ಸರ್ಕಾರ 2014ರಲ್ಲಿ ಹೊರತಂದ ನಗರ ಯೋಜನಾ ಮಾರ್ಗಸೂಚಿ ತಲೆಗೆ 10ರಿಂದ 12 ಚದರ ಮೀಟರ್ ತೆರೆದ ಜಾಗ ಇರಬೇಕೆನ್ನುತ್ತದೆ. 2011ರ ಜನಗಣತಿಯಂತೆ ಶಿವಮೊಗ್ಗ ನಗರದ ಜನಸಂಖ್ಯೆ 3,22,650. ತಲೆಗೆ ಹತ್ತೇ ಚದರ ಮೀಟರ್ ಎಂದರೂ ಸುಮಾರು 800 ಎಕರೆ ಬೇಕು. ಅದೇ ಗಣತಿಯಲ್ಲಿ 1,51,102 ಜನರಿದ್ದ ಭದ್ರಾವತಿಗೆ ಸುಮಾರು 370 ಎಕರೆ. ಗಣತಿಯಾದ ಮೇಲೆ ಊರುಗಳು ಬೆಳೆದಿವೆ. 2023ರ ಫೆಬ್ರವರಿಯಲ್ಲಿ ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಭೂಮಿಯ ಬೆಲೆ ಏರುವ ಇಂಥ ಕಾಲದಲ್ಲೇ ಖಾಲಿ ಬಿದ್ದ ಪಾರ್ಕಿನ ಜಾಗದ ಮೇಲೆ ಹತ್ತು ಜನರ ಕಣ್ಣು ಬೀಳುವುದು.

ನಿವಾಸಿಗಳು ಗೆದ್ದ ಒಂದು ಮೊಕದ್ದಮೆ

ಕಾಯ್ದಿರಿಸಿದ ಜಾಗ ಕೈತಪ್ಪುವುದು ಹೊಸತೇನಲ್ಲ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆಂದು ನಕ್ಷೆಯಲ್ಲಿ ತೋರಿಸಿದ್ದ ಜಾಗವನ್ನು 1976ರಲ್ಲಿ ಖಾಸಗಿ ಆಸ್ಪತ್ರೆ ಕಟ್ಟಲು ಕೊಡಲಾಯಿತು. ಬಡಾವಣೆಯ ನಿವಾಸಿಗಳು ಹೈಕೋರ್ಟಿನ ಮೆಟ್ಟಿಲು ಹತ್ತಿದರು. ಮೊದಲ ಸುತ್ತಿನಲ್ಲಿ ಸೋತರು. ಮೇಲ್ಮನವಿಯಲ್ಲಿ ವಿಭಾಗೀಯ ಪೀಠ ಅವರ ಪರ ನಿಂತಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, 1991ರಲ್ಲಿ ‘ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ’ ಎಂದು ಹೆಸರಾದ ತೀರ್ಪು ಬಂತು. ಉದ್ಯಾನಕ್ಕೆ ಬಿಟ್ಟ ಜಾಗವನ್ನು ಖಾಸಗಿಯವರಿಗೆ ಕೊಡುವುದು ಯೋಜನೆಯ ಉದ್ದೇಶಕ್ಕೇ ವಿರುದ್ಧ, ಅದನ್ನು ಪ್ರಶ್ನಿಸುವ ಹಕ್ಕು ಅಲ್ಲಿ ವಾಸಿಸುವವರಿಗೆ ಇದೆ ಎಂಬುದು ಅದರ ತಿರುಳು.

ಆಸ್ಪತ್ರೆಯೂ ಒಳ್ಳೆಯದೇ ಅಲ್ಲವೇ ಎಂದು ಕೇಳುವವರಿದ್ದಾರೆ. ನ್ಯಾಯಾಲಯದ ಮುಂದೆಯೂ ಈ ವಾದ ಬಂದಿತ್ತು. ಆದರೆ ತೆರೆದ ಜಾಗ ಕೊಡುವ ಆರೋಗ್ಯವೇ ಬೇರೆ, ಆಸ್ಪತ್ರೆ ಕೊಡುವ ಚಿಕಿತ್ಸೆಯೇ ಬೇರೆ. ಒಂದು ಇನ್ನೊಂದಕ್ಕೆ ಬದಲಿಯಾಗಲಾರದು. ಇಂದು ಆಸ್ಪತ್ರೆ, ನಾಳೆ ಸಮುದಾಯ ಭವನ, ನಾಡಿದ್ದು ನೀರಿನ ಟ್ಯಾಂಕು, ಆಮೇಲೆ ಗುಡಿ. ಒಂದೊಂದಕ್ಕೂ ಒಳ್ಳೆಯ ಕಾರಣವೇ ಇರುತ್ತದೆ. ಒಳ್ಳೆಯ ಕಾರಣಗಳಿಂದಲೇ ಜಾಗ ಮುಗಿದುಹೋಗುತ್ತದೆ.

ಈ ಕಾರಣಕ್ಕೇ ರಾಜ್ಯದಲ್ಲಿ ಉದ್ಯಾನ, ಆಟದ ಬಯಲು ಮತ್ತು ತೆರೆದ ಜಾಗಗಳ ಸಂರಕ್ಷಣೆಗೆಂದು 1985ರ ಕಾಯ್ದೆಯೊಂದಿದೆ. ಸ್ಥಳೀಯ ಸಂಸ್ಥೆ ತನ್ನ ವ್ಯಾಪ್ತಿಯ ಇಂಥ ಜಾಗಗಳ ಪಟ್ಟಿ ಮತ್ತು ನಕ್ಷೆ ಸಿದ್ಧಪಡಿಸಬೇಕು ಎನ್ನುತ್ತದೆ ಅದು. ಆದುದರಿಂದ ಪಾರ್ಕು ಬೇಕೆನ್ನುವವರು ಮೊದಲು ಹೋಗಬೇಕಾದ್ದು ನರ್ಸರಿಗಲ್ಲ, ಕಚೇರಿಗೆ. ಅನುಮೋದನೆಯಾದ ಬಡಾವಣೆ ನಕ್ಷೆಯ ಪ್ರತಿ ಪಡೆಯಬೇಕು. ಜಾಗ ಪ್ರಾಧಿಕಾರದಿಂದ ಪಾಲಿಕೆಗೋ ನಗರಸಭೆಗೋ ಹಸ್ತಾಂತರವಾಗಿದೆಯೇ, ಪಟ್ಟಿಯಲ್ಲಿ ಅದರ ಹೆಸರಿದೆಯೇ, ಖಾತೆ ಯಾರ ಹೆಸರಿನಲ್ಲಿದೆ ಎಂದು ನೋಡಬೇಕು. ಮಾಹಿತಿ ಹಕ್ಕಿನ ಅರ್ಜಿ ಹಾಕಿದರೂ ಸಾಕು. ಆಮೇಲೆ ಸರ್ವೆ ಮಾಡಿಸಿ ನಾಲ್ಕು ಮೂಲೆಗೂ ಕಲ್ಲು ನೆಡಿಸಬೇಕು. ಗಿಡ ನೆಡುವ ಮೊದಲು ಗಡಿಕಲ್ಲು ನೆಡುವುದು ಜಾಣತನ.

ಭದ್ರಾವತಿ ಹೇಳುವ ಪಾಠ

ಹದಿನೆಂಟು-ಇಪ್ಪತ್ತು ಕಿಲೋಮೀಟರ್ ಆಚೆಗಿನ ಭದ್ರಾವತಿಯ ಕಥೆ ಬೇರೆ. ಬೆಂಕಿಪುರವೆಂಬ ಹಳೆಯ ಹೆಸರಿನ ಈ ಊರಿನಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಮಂಡಳಿಯ ಅಧ್ಯಕ್ಷರಾಗಿ ಅದನ್ನು ನಿಲ್ಲಿಸಿದರು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಭದ್ರೆಯ ನೀರು. ಇವೇ ಅದರ ಬಂಡವಾಳ. ಆಮೇಲೆ 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಎರಡು ಕಾರ್ಖಾನೆಗಳ ಸುತ್ತ ನ್ಯೂಟೌನ್, ಪೇಪರ್ ಟೌನ್ ಎಂಬ ಎರಡು ಊರುಗಳೇ ಬೆಳೆದವು.

ಕಾರ್ಖಾನೆ ಕಟ್ಟಿದ ಬಡಾವಣೆಯಲ್ಲಿ ರಸ್ತೆ, ದೀಪ, ನೀರು, ಶಾಲೆ, ಆಸ್ಪತ್ರೆ, ಆಟದ ಬಯಲು ಎಲ್ಲವನ್ನೂ ಕಾರ್ಖಾನೆಯೇ ನೋಡಿಕೊಳ್ಳುತ್ತದೆ. ನಿವಾಸಿಗಳು ಅರ್ಜಿ ಹಿಡಿದು ಅಲೆಯಬೇಕಾಗಿಲ್ಲ, ಚಂದಾ ಎತ್ತಬೇಕಾಗಿಲ್ಲ. ಸೈರನ್ನಿಗೆ ಏಳುವುದು, ಸೈರನ್ನಿಗೆ ಮನೆಗೆ ಬರುವುದು. ಮಿಕ್ಕದ್ದು ಕಂಪನಿಯ ಪಾಲಿಗೆ. ಇಷ್ಟು ಅನುಕೂಲದ ವ್ಯವಸ್ಥೆಗೆ ಒಂದೇ ಒಂದು ಕೊರತೆ. ಕಾರ್ಖಾನೆ ಕೆಮ್ಮಿದರೆ ಊರಿಗೇ ಜ್ವರ ಬರುತ್ತದೆ.

ಕಾಗದ ಕಾರ್ಖಾನೆಯ ಯಂತ್ರಗಳು 2015ರ ಸುಮಾರಿಗೆ ನಿಂತವು. ಉಕ್ಕು ಪ್ರಾಧಿಕಾರದ ಕೈಗೆ ಹೋಗಿದ್ದ ಕಬ್ಬಿಣ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿತ್ತು. ಕಾರ್ಮಿಕರ ಹೋರಾಟದ ನಂತರ ಅದೇ ವರ್ಷ ಒಂದಿಷ್ಟು ಕೆಲಸ ಮರಳಿ ಆರಂಭವಾಯಿತು. ಸಂಬಳಕ್ಕೇ ತತ್ವಾರವಾದಾಗ ಗಿಡಕ್ಕೆ ನೀರು ಹಾಕುವವರು ಯಾರು? ಒಬ್ಬನೇ ಯಜಮಾನನನ್ನು ನಂಬಿದ ಹಸಿರು ಆ ಯಜಮಾನನ ಜೊತೆಗೇ ಒಣಗುವ ಅಪಾಯ ಇದ್ದೇ ಇದೆ. ಆ ಯಜಮಾನ ಕಂಪನಿಯೇ ಆಗಬೇಕೆಂದಿಲ್ಲ. ಒಬ್ಬ ಉತ್ಸಾಹಿ ಅಧಿಕಾರಿ, ಒಬ್ಬ ಜನಪ್ರತಿನಿಧಿ, ಒಂದು ಯೋಜನೆಯ ಅನುದಾನ. ಯಾವುದಾದರೂ ಸರಿ, ಒಂದೇ ಆಸರೆಯಾದರೆ ಕಷ್ಟ.

ಶಿವಮೊಗ್ಗಕ್ಕೂ ಈ ಪಾಠ ಅನ್ವಯಿಸುತ್ತದೆ. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ಊರಿನ ಚಹರೆ ಬದಲಾಯಿತು. ತುಂಗೆಯ ದಂಡೆಯ ಉದ್ದಕ್ಕೂ ಎರಡೂವರೆ ಕಿಲೋಮೀಟರಿಗೆ ಮಿಕ್ಕಿ ನಡೆದಾಡುವ ಹಾದಿ, ಗಿಡ, ಕೂರುವ ತಾಣ ಬಂತು. ಮನೆಗಳ ಹಿಂದಿನ ಕನ್ಸರ್ವೆನ್ಸಿ ಗಲ್ಲಿಗಳು, ಎಂದರೆ ಒಂದು ಕಾಲಕ್ಕೆ ಮಲ ಹೊರುವ ಗಾಡಿಗಳಿಗೆಂದು ಬಿಟ್ಟು ಆಮೇಲೆ ಕಸದ ಗುಂಡಿಗಳಾಗಿದ್ದ ಓಣಿಗಳು, ಎಷ್ಟೋ ಕಡೆ ನೆಲಹಾಸು, ಬಣ್ಣ, ದೀಪ ಕಂಡವು. ಊರ ನಡುವಿನ ಹಳೆಯ ಜೈಲು ಹೊರಗೆ ಹೋದ ಮೇಲೆ ಆ ವಿಶಾಲ ಆವರಣ ಫ್ರೀಡಂ ಪಾರ್ಕ್ ಆಯಿತು. 2024ರ ಜನವರಿ 12ರಂದು ‘ಯುವನಿಧಿ’ ಯೋಜನೆಗೆ ಚಾಲನೆ ಸಿಕ್ಕಿದ್ದು ಅಲ್ಲಿಯೇ. ಇದೇ ಜಿಲ್ಲೆಯ ಬಳ್ಳಿಗಾವಿಯ ಅಲ್ಲಮಪ್ರಭುವಿನ ಹೆಸರನ್ನು ಅದಕ್ಕಿಡುವ ಘೋಷಣೆಯೂ ಆಯಿತು.

ಸ್ಮಾರ್ಟ್ ಸಿಟಿ ಮಿಷನ್ನಿನ ಅವಧಿ 2025ರ ಮಾರ್ಚ್ ಕೊನೆಗೆ ಮುಗಿಯಿತು. ಕಟ್ಟಲು ಹಣ ಕೊಟ್ಟ ಕೈ ಹಿಂದೆ ಸರಿಯಿತು. ಕಾಪಾಡುವ ಹೊಣೆ ಊರಿನ ಮೇಲೆಯೇ ಉಳಿಯಿತು. ಇನ್ನು ಹೊಳೆಯ ದಂಡೆಯಾಗಲಿ ಜೈಲಿನ ಬಯಲಾಗಲಿ ಇಡೀ ಊರಿನ ಸೊತ್ತು. ನವುಲೆಯಲ್ಲೋ ಆಲ್ಕೊಳದಲ್ಲೋ ಇರುವ ಅಜ್ಜಿ ದಿನಾ ಸಂಜೆ ಆಟೋ ಹಿಡಿದು ಅಲ್ಲಿಗೆ ಬರುವುದಿಲ್ಲ. ಐದು ನಿಮಿಷದ ನಡಿಗೆಯಲ್ಲಿ, ಅಂದರೆ ಸುಮಾರು 300 ಮೀಟರ್ ಒಳಗೆ ಹಸಿರು ಜಾಗ ಸಿಗಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಯೂರೋಪ್ ಕಚೇರಿಯ ಸಲಹೆ. ಐದು ನಿಮಿಷದೊಳಗೆ ಸಿಗುವುದು ಬಡಾವಣೆಯ ಪಾರ್ಕು ಮಾತ್ರ.

ಮೊದಲು ನೋಡು, ಆಮೇಲೆ ಗೆರೆ ಎಳೆ

ಪ್ಯಾಟ್ರಿಕ್ ಗೆಡ್ಡೆಸ್ ಎಂಬ ಸ್ಕಾಟ್ಲೆಂಡಿನ ಜೀವವಿಜ್ಞಾನಿ 1914ರಲ್ಲಿ ಭಾರತಕ್ಕೆ ಬಂದು ಅನೇಕ ಊರುಗಳ ಯೋಜನೆಗೆ ಸಲಹೆ ಕೊಟ್ಟರು. ಮುಂದೆ ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರೂ ಆದರು. ವೈದ್ಯ ರೋಗಿಯನ್ನು ಪರೀಕ್ಷಿಸಿ ಔಷಧಿ ಬರೆಯುವಂತೆ ಯೋಜಕನೂ ಮೊದಲು ಊರನ್ನು ಕಾಲ್ನಡಿಗೆಯಲ್ಲಿ ಸುತ್ತಿ ನೋಡಬೇಕು ಎಂಬುದು ಅವರ ಪದ್ಧತಿ. ಇಪ್ಪತ್ತು ಗುಂಟೆಯ ಪಾರ್ಕಿಗೂ ಅದೇ ನಿಯಮ.

ಜಾಗದ ಮೇಲೆ ಬಿಸಿಲು ಎಲ್ಲಿಂದ ಬೀಳುತ್ತದೆ? ಮುಂಗಾರಿನ ಮೊದಲ ಜೋರು ಮಳೆಗೆ ನೀರು ಎಲ್ಲಿ ನಿಲ್ಲುತ್ತದೆ? ಜನ ಅಡ್ಡದಾರಿಯಾಗಿ ಎಲ್ಲಿ ತುಳಿದಿದ್ದಾರೆ? ಇದ್ದ ಮರ ಯಾವುದು? ಇವನ್ನು ನೋಡಲು ಎಂಜಿನಿಯರೇ ಬೇಕೆಂದಿಲ್ಲ. ಹತ್ತಿರದ ಶಾಲೆಯ ಎಂಟನೆಯ ತರಗತಿಯ ಮಕ್ಕಳಿಗೆ ಟೇಪು, ಗ್ರಾಫ್ ಕಾಗದ ಕೊಟ್ಟರೆ ಒಂದು ಭಾನುವಾರದಲ್ಲಿ ನಕ್ಷೆ ಬರೆದು ಕೊಡುತ್ತಾರೆ. ಆ ಮಕ್ಕಳು ಮುಂದೆ ಆ ಪಾರ್ಕಿನ ಗಿಡ ಮುರಿಯುವುದಿಲ್ಲ ಎಂಬುದು ಅದರ ಇನ್ನೊಂದು ಲಾಭ.

ನಂತರ ಕೇಳಬೇಕು. ಬಡಾವಣೆಯ ಸಭೆಗೆ ಸಾಮಾನ್ಯವಾಗಿ ಬರುವವರು ನಿವೃತ್ತರಾದ ಗಂಡಸರು. ಅವರು ಕೇಳುವುದು ವಾಕಿಂಗ್ ಹಾದಿ ಮತ್ತು ಬೆಂಚು. ಹೆಂಗಸರನ್ನು ಕೇಳಿದರೆ ಬೇರೆಯೇ ಪಟ್ಟಿ ಬರುತ್ತದೆ: ಬೆಳಕು ಬೇಕು, ಶೌಚಾಲಯ ಬೇಕು, ರಸ್ತೆಯಿಂದ ಒಳಗೆ ಕಾಣುವಂತಿರಬೇಕು. ಹುಡುಗರಿಗೆ ಚೆಂಡು ಹೊಡೆಯಲು ಜಾಗ ಬೇಕು. ಮನೆಗೆಲಸಕ್ಕೆ ಬರುವವರಿಗೆ, ಕಟ್ಟಡ ಕೆಲಸದವರಿಗೆ ಮಧ್ಯಾಹ್ನ ಬುತ್ತಿ ಬಿಚ್ಚಿ ಕೂರಲು ನೆರಳು ಬೇಕು. ಅವರನ್ನು ಸಭೆಗೆ ಯಾರೂ ಕರೆಯುವುದಿಲ್ಲ. ಹಾಗಾಗಿಯೇ ನಮ್ಮ ಎಷ್ಟೋ ಪಾರ್ಕುಗಳ ಗೇಟಿಗೆ ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಬೀಗ ಬಿದ್ದಿರುತ್ತದೆ. ನೆರಳು ಅತ್ಯಂತ ಬೇಕಾದ ಹೊತ್ತಿನಲ್ಲೇ ನೆರಳಿಗೆ ಬೀಗ!

ಹುಲ್ಲೋ, ಮರವೋ?

ಪಾರ್ಕು ಎಂದೊಡನೆ ಕಣ್ಣ ಮುಂದೆ ಬರುವುದು ಹಸಿರು ಹುಲ್ಲುಹಾಸು. ಅದರ ಲೆಕ್ಕ ಸ್ವಲ್ಪ ನೋಡೋಣ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಸರಿಯಾಗಿ ಒಂದು ಲೀಟರ್. ಬೇಸಿಗೆಯಲ್ಲಿ ಹುಲ್ಲು ದಿನಕ್ಕೆ ಸುಮಾರು ಐದು ಮಿಲಿಮೀಟರ್ ನೀರನ್ನು ಆವಿಯಾಗಿ ಕಳೆದುಕೊಳ್ಳುತ್ತದೆಂದು ಇಟ್ಟುಕೊಳ್ಳಿ. ಇಪ್ಪತ್ತು ಗುಂಟೆ ಎಂದರೆ ಸುಮಾರು 2,000 ಚದರ ಮೀಟರ್. ಪೂರ್ತಿ ಹುಲ್ಲು ಹಾಸಿದರೆ ದಿನಕ್ಕೆ 10,000 ಲೀಟರ್ ನೀರು ಬೇಕು. ತಲೆಗೆ ದಿನಕ್ಕೆ 135 ಲೀಟರ್ ಎಂಬ ಸರ್ಕಾರಿ ಮಾನದಂಡದಂತೆ ನಾಲ್ಕು ಜನರ ಹದಿನೆಂಟು ಮನೆಗಳು ಬಳಸುವ ನೀರದು. ಏಪ್ರಿಲಿನಲ್ಲಿ ನಲ್ಲಿಯಲ್ಲಿ ನೀರು ನಿಂತಾಗ ಹುಲ್ಲಿಗೆ ಟ್ಯಾಂಕರ್ ತರಿಸುವುದನ್ನು ಯಾವ ಬಡಾವಣೆ ಒಪ್ಪೀತು?

ಮರವೂ ನೀರು ಕುಡಿಯುತ್ತದೆ. ಆದರೆ ಮೊದಲ ಎರಡು-ಮೂರು ಬೇಸಿಗೆ ಕೈಹಿಡಿದು ನಡೆಸಿದರೆ ಆಮೇಲೆ ಅದರ ಬೇರು ಆಳದ ತೇವವನ್ನು ತಾನೇ ಹುಡುಕಿಕೊಳ್ಳುತ್ತದೆ. ಅದರ ಎಲೆಗಳಿಂದ ಆವಿಯಾಗುವ ನೀರು ಸುತ್ತಲಿನ ಶಾಖವನ್ನು ಹೀರುತ್ತದೆ. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವುದೂ ಇದೇ ತತ್ವದಿಂದ. ಹಾಗಾಗಿ ಪಾರ್ಕಿನ ಒಂದು ಚಿಕ್ಕ ಭಾಗಕ್ಕೆ ಮಾತ್ರ ಹುಲ್ಲು, ಮಿಕ್ಕದ್ದಕ್ಕೆ ಮರ ಎಂಬುದು ಲೆಕ್ಕಕ್ಕೂ ಸರಿ, ನೆರಳಿಗೂ ಸರಿ.

ಯಾವ ಮರ? ಶಿವಮೊಗ್ಗ-ಭದ್ರಾವತಿ ಮಲೆನಾಡು ಮತ್ತು ಬಯಲುಸೀಮೆ ಕೂಡುವ ಅಂಚು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಕಾಣುವ ಆಗುಂಬೆ ಇದೇ ಜಿಲ್ಲೆಯಲ್ಲಿದ್ದರೂ ಈ ಎರಡು ಊರುಗಳಿಗೆ ಬರುವುದು ಅದರ ಒಂದು ಸಣ್ಣ ಪಾಲು. ಆದ್ದರಿಂದ ಎರಡೂ ಕಡೆಯ ಮರಗಳು ಇಲ್ಲಿ ಬರುತ್ತವೆ. ಹೊಂಗೆ, ಬೇವು, ನೇರಳೆ, ಹಲಸು, ರೆಂಜೆ, ಸಂಪಿಗೆ ಎಲ್ಲವೂ ನಮ್ಮ ಮಣ್ಣಿಗೆ ಒಗ್ಗಿದವು. ಹೊಳೆಯ ಪಕ್ಕದ ಜಾಗವಾದರೆ ಗಾಜನೂರು ಜಲಾಶಯದ ಗೇಟು ತೆರೆದಾಗ ತುಂಗೆ ಏರುವುದನ್ನು ಮರೆಯಬಾರದು. ಅಲ್ಲಿಗೆ ಹೊಳೆಮತ್ತಿ, ಹೊಳೆದಾಸವಾಳದಂಥ, ಹೆಸರಿನಲ್ಲೇ ಹೊಳೆ ಇರುವ ಮರಗಳೇ ತಕ್ಕವು. ಬೇಗ ಬೆಳೆಯುತ್ತದೆಂದು ತಂದು ನೆಟ್ಟ ಕೋನೋಕಾರ್ಪಸ್ ಗಿಡವನ್ನು ಗುಜರಾತ್ ಸರ್ಕಾರ 2023ರಲ್ಲಿ ನಿಷೇಧಿಸಿದ ಸಂಗತಿ ನೆನಪಿರಲಿ. ಬೇಗ ಬೆಳೆಯುವುದೆಲ್ಲ ಒಳ್ಳೆಯದಲ್ಲ.

ಕ್ಯೂ ಉದ್ಯಾನದಲ್ಲಿ ಪಳಗಿ ಬರೋಡದ ಮೂಲಕ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನ್ ತೋಟಗಾರ ಕ್ರುಂಬಿಗಲ್ ಬೆಂಗಳೂರಿಗೆ ಒಂದು ಸೊಗಸಾದ ಉಪಾಯ ಕಲಿಸಿದರು. ಒಂದು ಜಾತಿಯ ಮರದ ಹೂ ಉದುರುವಷ್ಟರಲ್ಲಿ ಇನ್ನೊಂದು ಜಾತಿಯದು ಅರಳಬೇಕು. ವರ್ಷವಿಡೀ ಊರಿನಲ್ಲಿ ಎಲ್ಲಾದರೂ ಹೂ ಇರಬೇಕು. ಚಿಕ್ಕ ಪಾರ್ಕಿನಲ್ಲೂ ಇದು ಸಾಧ್ಯ. ಶಿವರಾತ್ರಿಯ ಹೊತ್ತಿಗೆ ಮುತ್ತುಗ, ಯುಗಾದಿಗೆ ಹೊಂಗೆ, ಮೇ ತಿಂಗಳಿಗೆ ಕಕ್ಕೆಯ ಹಳದಿ ಗೊಂಚಲು, ಮುಂಗಾರಿನ ಬಾಗಿಲಿಗೆ ಹೊಳೆದಾಸವಾಳ, ಮಳೆಯ ನಡುವೆ ಕದಂಬ, ದೀಪಾವಳಿಯ ಸುಮಾರಿಗೆ ಆಕಾಶಮಲ್ಲಿಗೆ. ಪಂಚಾಂಗ ಬೇಕಿಲ್ಲ, ಪಾರ್ಕು ನೋಡಿ ತಿಂಗಳು ಹೇಳಬಹುದು.

ಹಾದಿ, ಜಾರುಬಂಡಿ, ಗೇಟು

ಐವತ್ತು ಮೀಟರ್ ಉದ್ದ, ನಲವತ್ತು ಮೀಟರ್ ಅಗಲದ ಜಾಗದಲ್ಲಿ ಅಂಚಿನಿಂದ ಎರಡೂವರೆ ಮೀಟರ್ ಒಳಗೆ ಹಾದಿ ಹಾಕಿದರೆ ಒಂದು ಸುತ್ತಿಗೆ 160 ಮೀಟರ್. ಆರು ಸುತ್ತು ಹಾಕಿದರೆ ಹೆಚ್ಚು ಕಡಿಮೆ ಒಂದು ಕಿಲೋಮೀಟರ್. ಹಾದಿಯ ಹೊರಮಗ್ಗುಲಿಗೆ ಎಂಟು ಮೀಟರಿಗೊಂದರಂತೆ ಇಪ್ಪತ್ತಕ್ಕೂ ಹೆಚ್ಚು ಮರಗಳಿಗೆ ಜಾಗವಿದೆ. ಎರಡು ಗಾಲಿಕುರ್ಚಿ ಎದುರುಬದುರಾಗಿ ದಾಟುವಂತಿರಬೇಕಾದರೆ ಹಾದಿ ಆರಡಿ ಅಗಲವಿರಲಿ. ಗೇಟಿನ ಬಳಿ ಅರ್ಧ ಅಡಿಯ ಮೆಟ್ಟಿಲಿದ್ದರೆ ಅದರ ಪಕ್ಕದಲ್ಲಿ ಆರಡಿ ಉದ್ದದ ಇಳಿಜಾರು ಬೇಕು. ಒಂದಕ್ಕೆ ಹನ್ನೆರಡು ಎಂಬುದು ಅದರ ಪ್ರಮಾಣ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲೇ ಬಂದಿದ್ದರೂ ದನ ನುಗ್ಗದಿರಲೆಂದು ಗೇಟಿಗೆ ಹಾಕುವ ಸುತ್ತು ಕಂಬಿಗಳು ಎಷ್ಟೋ ಕಡೆ ಗಾಲಿಕುರ್ಚಿಯನ್ನೂ ಕೈಮಗುವಿನ ಗಾಡಿಯನ್ನೂ ಹೊರಗೇ ನಿಲ್ಲಿಸುತ್ತವೆ.

ಮಕ್ಕಳ ಜಾರುಬಂಡಿಯ ಕೆಳಗೆ ಚೆಂದಕ್ಕೆಂದು ಕಾಂಕ್ರೀಟಿನ ಬಿಲ್ಲೆ ಹಾಕುವ ರೂಢಿ ಬಂದಿದೆ. ಎರಡು ಮೀಟರ್ ಎತ್ತರದಿಂದ ಬಿದ್ದ ಮಗು ನೆಲ ಮುಟ್ಟುವಾಗ ಗಂಟೆಗೆ ಇಪ್ಪತ್ತೆರಡು ಕಿಲೋಮೀಟರ್ ವೇಗದಲ್ಲಿರುತ್ತದೆ. ಆ ವೇಗ ಒಂದು ಸೆಂಟಿಮೀಟರಿನೊಳಗೆ ಸೊನ್ನೆಗೆ ಇಳಿದರೆ ಮೂಳೆ ಮುರಿಯುತ್ತದೆ. ಸಡಿಲ ಮರಳಿನಲ್ಲಿ ಇಪ್ಪತ್ತು ಸೆಂಟಿಮೀಟರ್ ಹುದುಗಿ ನಿಂತರೆ ಹೊಡೆತದ ಬಲ ಇಪ್ಪತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. ಒಂದು ಗಾಡಿ ಮರಳಿನ ಬೆಲೆ ಕಾಂಕ್ರೀಟಿಗಿಂತ ಕಡಿಮೆ. ಬಿದ್ದ ಮಗು ಎದ್ದು ಮತ್ತೆ ಹತ್ತುತ್ತದೆ ಎಂಬುದು ಅದರ ನಿಜವಾದ ಬೆಲೆ.

ಕಾಂಪೌಂಡು ಗೋಡೆ ಎತ್ತರವಿದ್ದಷ್ಟೂ ಭದ್ರ ಎಂಬುದು ತಪ್ಪು ತಿಳಿವಳಿಕೆ. ಎರಡಡಿ ಗೋಡೆ, ಅದರ ಮೇಲೆ ಕಂಬಿ ಇದ್ದರೆ ಹೊರಗಿನವರಿಗೆ ಒಳಗೂ ಒಳಗಿನವರಿಗೆ ಹೊರಗೂ ಕಾಣುತ್ತದೆ. ಹತ್ತು ಜನರ ಕಣ್ಣಿಗಿಂತ ಒಳ್ಳೆಯ ಕಾವಲುಗಾರನಿಲ್ಲ. ಮೂಲೆಯಲ್ಲಿ ಒಂದು ಇಂಗುಗುಂಡಿ ತೋಡಿದರೆ ಮಳೆನೀರಿಗೆ ದಾರಿಯಾಗುತ್ತದೆ: ನೂರು ಮಿಲಿಮೀಟರ್ ಮಳೆ ಬಂದರೆ ಈ ಜಾಗದ ಮೇಲೆ ಬೀಳುವುದು ಎರಡು ಲಕ್ಷ ಲೀಟರ್. ಅದು ಚರಂಡಿಗೆ ಹೋಗಬೇಕೋ, ಪಕ್ಕದ ಬೋರ್‌ವೆಲ್ಲಿಗೆ ಹೋಗಬೇಕೋ ಎಂಬುದನ್ನು ಒಂದು ಗುಂಡಿ ತೀರ್ಮಾನಿಸುತ್ತದೆ. ಉದುರಿದ ಎಲೆಗೆ ಬೆಂಕಿ ಹಚ್ಚದೆ ಇನ್ನೊಂದು ಗುಂಡಿಗೆ ಹಾಕಿದರೆ ಮರುವರ್ಷಕ್ಕೆ ಗೊಬ್ಬರ.

ಉದ್ಘಾಟನೆಯ ಮರುದಿನ

ಹಣದ ದಾರಿಗಳು ಇಲ್ಲದಿಲ್ಲ. 2015ರಲ್ಲಿ ಆರಂಭವಾದ ಅಮೃತ್ ಯೋಜನೆಯಲ್ಲಿ ಶಿವಮೊಗ್ಗ, ಭದ್ರಾವತಿ ಎರಡೂ ಸೇರಿದ್ದವು; ಅದರಲ್ಲಿ ಉದ್ಯಾನಕ್ಕೆಂದೇ, ಅದೂ ಮಕ್ಕಳಿಗೆ ಹೊಂದುವ ಉದ್ಯಾನಕ್ಕೆಂದೇ ಒಂದು ಪಾಲು ಇತ್ತು. ಪಾಲಿಕೆಯ ಆಯವ್ಯಯ, ಪ್ರಾಧಿಕಾರದ ನಿಧಿ, ಶಾಸಕರ ಅನುದಾನ ಹೀಗೆ ಕಟ್ಟುವುದಕ್ಕೆ ಹಣ ಒಂದಲ್ಲ ಒಂದು ಕಡೆಯಿಂದ ಬರುತ್ತದೆ. ರಿಬ್ಬನ್ ಕತ್ತರಿಸಲು ಜನರೂ ಬರುತ್ತಾರೆ. ಕಷ್ಟ ಶುರುವಾಗುವುದು ಮರುದಿನ ಬೆಳಗ್ಗೆ. ಮೋಟಾರು ಹಾಕುವವರು ಯಾರು, ಕೊಂಬೆ ಸವರುವವರು ಯಾರು, ಮುರಿದ ಉಯ್ಯಾಲೆಯ ಸರಪಳಿಗೆ ಎರಡು ನೂರು ರೂಪಾಯಿ ಕೊಡುವವರು ಯಾರು?

ಸಂವಿಧಾನದ 74ನೆಯ ತಿದ್ದುಪಡಿಯಂತೆ ಮೂರು ಲಕ್ಷ ಜನಸಂಖ್ಯೆ ದಾಟಿದ ಊರಿನಲ್ಲಿ ವಾರ್ಡ್ ಸಮಿತಿಗಳಿರಬೇಕು. ಶಿವಮೊಗ್ಗ ಆ ಗೆರೆ ದಾಟಿದೆ. ಭದ್ರಾವತಿಗೆ ಅದು ಕಡ್ಡಾಯವಲ್ಲ. ಸಮಿತಿ ಇರಲಿ ಬಿಡಲಿ, ಬಡಾವಣೆಯವರದೇ ಆದ ಒಂದು ಚಿಕ್ಕ ಕೂಟ, ಅದರಲ್ಲಿ ಅರ್ಧದಷ್ಟಾದರೂ ಹೆಂಗಸರು, ಒಂದು ಬ್ಯಾಂಕ್ ಪುಸ್ತಕ, ಗೋಡೆಯ ಮೇಲೆ ತಿಂಗಳ ಖರ್ಚಿನ ಪಟ್ಟಿ, ಇಷ್ಟಿದ್ದರೆ ಪಾರ್ಕು ಉಳಿಯುತ್ತದೆ. ಆದರೆ ಎಚ್ಚರಿಕೆ ಒಂದು ಬೇಕು. ನಿರ್ವಹಣೆಯ ಹೊಣೆ ಹೊತ್ತವರಿಗೆ ಒಡೆತನದ ಭ್ರಮೆ ಬರಬಾರದು. ‘ನಮ್ಮ ಬಡಾವಣೆಯವರಿಗೆ ಮಾತ್ರ’ ಎಂಬ ಫಲಕ ಹಾಕಿದ ದಿನ ಅದು ಸಾರ್ವಜನಿಕ ಉದ್ಯಾನವಾಗಿ ಉಳಿಯುವುದಿಲ್ಲ. ಹಾಗೆಯೇ ದುಡಿಯುವ ಮಾಲಿಗೆ ನ್ಯಾಯವಾದ ಕೂಲಿ ಸಲ್ಲಬೇಕಾದದ್ದು ಪಾಲಿಕೆಯಿಂದ; ಶ್ರಮದಾನ ಅದಕ್ಕೆ ಬದಲಿಯಲ್ಲ.

ನಮ್ಮ ಹಳ್ಳಿಗಳಲ್ಲಿ ಗುಂಡುತೋಪು ಇತ್ತು, ಅರಳಿಕಟ್ಟೆ ಇತ್ತು. ದಾರಿಹೋಕರಿಗೆ ನೆರಳು, ಊರ ದನಕ್ಕೆ ಮಧ್ಯಾಹ್ನದ ವಿಶ್ರಾಂತಿ, ಪಂಚಾಯಿತಿಗೆ ಜಾಗ. ಅದನ್ನು ನೆಟ್ಟವರ ಹೆಸರು ಯಾವ ಫಲಕದಲ್ಲೂ ಇರಲಿಲ್ಲ. ನೆಟ್ಟವರು ಅದರ ಪೂರ್ಣ ನೆರಳಿನಲ್ಲಿ ಕೂತದ್ದೂ ಕಡಿಮೆ. ಕಾಡಿನ ಇದ್ದಿಲಿನಿಂದ ಕಬ್ಬಿಣ ಕರಗಿಸಿ ಬೆಳೆದ ಭದ್ರಾವತಿಗೂ, ಎರಡು ನದಿಗಳು ಕೂಡಲಿಯಲ್ಲಿ ಒಂದಾಗುವ ಈ ಸೀಮೆಗೂ ಆ ಸಾಲ ತೀರಿಸುವ ಅವಕಾಶ ಇನ್ನೂ ಇದೆ. ಪ್ರತಿ ಬಡಾವಣೆಯಲ್ಲೂ ಕಾಯುತ್ತಿರುವ ಆ ಹತ್ತಿಪ್ಪತ್ತು ಗುಂಟೆಗಳೇ ಆ ಅವಕಾಶ.

ಮಳೆಗಾಲ ಗಿಡ ನೆಡುವ ಕಾಲ. ಅದಕ್ಕೆ ಮೊದಲು, ಒಂದು ಭಾನುವಾರ ಬೆಳಗ್ಗೆ, ನಾಲ್ಕು ಮನೆಯವರು ನಕ್ಷೆಯ ಪ್ರತಿ ಹಿಡಿದು ಆ ತುಕ್ಕು ಹಿಡಿದ ಫಲಕದ ಮುಂದೆ ನಿಂತರೆ ಸಾಕು. ಫಲಕಕ್ಕೆ ಹೊಸ ಬಣ್ಣ ಬಳಿಯುವುದರಿಂದಲೇ ಶುರುಮಾಡಬಹುದು. ರಸ್ತೆಯಲ್ಲಿ ಇಟ್ಟಿಗೆ ನಿಲ್ಲಿಸಿಕೊಂಡ ಹುಡುಗರು ಬ್ಯಾಟು ಕೆಳಗಿಟ್ಟು ಕುಂಚ ಹಿಡಿಯಲು ತಾವಾಗಿಯೇ ಓಡಿ ಬರುತ್ತಾರೆ.